ಮೇಷ್ಟ್ರು ಕಂಪನಿ ಸೇರಿದಾಗ ಊರಿಗೆ ಉಳಿದದ್ದೇನು?

ಕೊಪ್ಪ ಎಂದೊಡನೆ ಹಲವರಿಗೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಕೊಪ್ಪ ನೆನಪಾಗುತ್ತದೆ. ನಾವಿಲ್ಲಿ ಹೇಳಹೊರಟಿರುವುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊಪ್ಪದ ಮಾತು. ಅಲ್ಲಿನ ಅಡಿಕೆ, ಕಾಫಿಗೆ ಬದಲಾಗಿ ಇಲ್ಲಿ ಕಬ್ಬು ಮತ್ತು ರಾಗಿ. ಈ ಊರಿನ ಸುತ್ತಮುತ್ತ ಯಾರಾದರೂ 'ಅವರು ಕಂಪನಿಗೆ ಸೇರಿಕೊಂಡರಂತೆ' ಎಂದರೆ, ಕೇಳಿದವರು 'ಯಾವ ಕಂಪನಿ?' ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಕೊಪ್ಪದಲ್ಲೇ ಇರುವ ಎನ್‌ಎಸ್‌ಎಲ್ ಸಕ್ಕರೆ ಕಾರ್ಖಾನೆಯೂ ಕಂಪನಿಯೇ. ಮದ್ದೂರಿನಲ್ಲಿ ಬೆಳಗಿನ ರೈಲು ಹತ್ತಿ ಹೋಗಿ ಸೇರುವ ಬೆಂಗಳೂರಿನ ಗಾಜಿನ ಕಟ್ಟಡವೂ ಕಂಪನಿಯೇ.

ಹೀಗೆ ಕಂಪನಿ ಸೇರಿದವರಲ್ಲಿ ಮೇಷ್ಟ್ರುಗಳೂ ಇದ್ದಾರೆ. ಬಿ.ಎಡ್. ಮುಗಿಸಿ ಐದಾರು ವರ್ಷ ಖಾಸಗಿ ಶಾಲೆಯಲ್ಲೋ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿಯೋ ದುಡಿದು, ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಹೋದವರು. ಊರಿನಲ್ಲಿ ಇವರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಸದ್ಯ, ಬದುಕಿಕೊಂಡ' ಎನ್ನುವವರು ಕೆಲವರು. 'ವಿದ್ಯೆ ಹೇಳಬೇಕಾದವನು ದುಡ್ಡಿನ ಹಿಂದೆ ಹೋದ' ಎನ್ನುವವರು ಇನ್ನು ಕೆಲವರು. ಎರಡೂ ಒಬ್ಬ ಮನುಷ್ಯನ ಲಾಭನಷ್ಟದ ಲೆಕ್ಕವೇ ಹೊರತು ಊರಿನ ಲೆಕ್ಕವಲ್ಲ. ಇನ್ನೂರು ವರ್ಷಗಳಿಂದ ಕಂಪನಿಗಳು ಮೇಷ್ಟ್ರುಗಳನ್ನು ಕರೆದೊಯ್ಯುತ್ತಲೇ ಬಂದಿವೆ. ಪ್ರತಿ ಸಲವೂ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಮೇಷ್ಟ್ರು ಹೋದ ಮೇಲೆ ಕಂಪನಿಯಿಂದ ಊರಿಗೆ ತಿರುಗಿ ಬಂದದ್ದೇನು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಸೀಮೆಯ ಇತಿಹಾಸವನ್ನು ಒಮ್ಮೆ ನೋಡುವುದು ಒಳ್ಳೆಯದು.

ಕುಂಪಣಿಯ ಮುನ್ಷಿಗಳು

ನಮ್ಮ ಹಿರಿಯರು ಮೊದಲು ಕಂಡ ಕಂಪನಿ ಈಸ್ಟ್ ಇಂಡಿಯಾ ಕಂಪನಿ. ಜನರ ಬಾಯಲ್ಲಿ ಅದು 'ಕುಂಪಣಿ' ಆಯಿತು. 1799ರ ಮೇ 4ರಂದು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ಕುಂಪಣಿಯ ಸೈನ್ಯಕ್ಕೆ ಬಿತ್ತು, ಟಿಪ್ಪು ಸುಲ್ತಾನರು ಮಡಿದರು. ಕೊಳ್ಳೆಯಲ್ಲಿ ಚಿನ್ನ, ಬೆಳ್ಳಿ, ಕತ್ತಿ, ಸಿಂಹಾಸನದ ತುಣುಕುಗಳು ಹೋದದ್ದು ಎಲ್ಲರಿಗೂ ಗೊತ್ತು. ಅರಮನೆಯ ಪುಸ್ತಕ ಭಂಡಾರವೂ ಹೋಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅರಬ್ಬಿ, ಫಾರಸಿ, ಹಿಂದೂಸ್ತಾನಿ ಭಾಷೆಗಳ ಸುಮಾರು 2,000 ಹಸ್ತಪ್ರತಿಗಳು ಅದರಲ್ಲಿದ್ದವು. ಚಾರ್ಲ್ಸ್ ಸ್ಟೀವರ್ಟ್ ಎಂಬ ಪ್ರಾಧ್ಯಾಪಕ ಅವುಗಳ ಪಟ್ಟಿಯನ್ನು 1809ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ.

ಆ ಪುಸ್ತಕಗಳಲ್ಲಿ ದೊಡ್ಡ ಪಾಲು ಸೇರಿದ್ದು ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿಗೆ. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಸ್ಥಾಪಿಸಿದ ಈ ಕಾಲೇಜು ಕುಂಪಣಿಯ ಎಳೆಯ ಅಧಿಕಾರಿಗಳಿಗೆ ಈ ದೇಶದ ಭಾಷೆಗಳನ್ನು ಕಲಿಸುವುದಕ್ಕೆಂದು ಹುಟ್ಟಿದ್ದು. ಕಾಲೇಜಿನ ನಿಯಮಾವಳಿ ಹೊರಬಿದ್ದದ್ದು ಜುಲೈ 10ರಂದು. ಆದರೆ ವೆಲ್ಲೆಸ್ಲಿ ಅದಕ್ಕೆ 1800ರ ಮೇ 4 ಎಂಬ ಹಿಂದಿನ ದಿನಾಂಕ ಹಾಕಿಸಿದ. ಅದು ಶ್ರೀರಂಗಪಟ್ಟಣ ಬಿದ್ದ ದಿನದ ಮೊದಲ ವಾರ್ಷಿಕ. ಒಂದು ಕಂಪನಿ ತನ್ನ ಶಾಲೆಗೆ ನಮ್ಮ ನೆಲದ ಸೋಲಿನ ದಿನವನ್ನೇ ಹುಟ್ಟಿದ ದಿನವಾಗಿ ಬರೆಸಿಕೊಂಡಿತು.

ಆ ಕಾಲೇಜಿಗೆ ಮೇಷ್ಟ್ರುಗಳು ಬೇಕಾದರು. ಕುಂಪಣಿ ಅವರನ್ನು ಮುನ್ಷಿಗಳೆಂದು ಕರೆದು ತಿಂಗಳ ಸಂಬಳಕ್ಕೆ ಇಟ್ಟುಕೊಂಡಿತು. ಉರ್ದು ಶಾಲೆಯಲ್ಲಿ ಕಲಿತ ನಮಗೆಲ್ಲ ಮೀರ್ ಅಮ್ಮನ್ ಹೆಸರು ಪರಿಚಿತ. ದೆಹಲಿ ಹಾಳಾದ ಮೇಲೆ ಊರೂರು ಅಲೆದು ಕಲ್ಕತ್ತ ಸೇರಿದ ಆತ ಮೊದಲು ಸಿರಿವಂತರೊಬ್ಬರ ತಮ್ಮನಿಗೆ ಮನೆಪಾಠ ಹೇಳುತ್ತಿದ್ದರು. ಸುಮಾರು ಎರಡು ವರ್ಷ ಹಾಗೆ ಕಳೆದ ನಂತರ ಪರಿಚಯದವರ ಮೂಲಕ ಕಾಲೇಜಿನ ಹಿಂದೂಸ್ತಾನಿ ವಿಭಾಗದ ಮುಖ್ಯಸ್ಥ ಜಾನ್ ಗಿಲ್‌ಕ್ರಿಸ್ಟ್‌ರನ್ನು ಕಂಡು ಕೆಲಸ ಗಿಟ್ಟಿಸಿದರು. ಅಲ್ಲಿ ಅವರು ಬರೆದ 'ಬಾಗ್-ಓ-ಬಹಾರ್' ಉರ್ದು ಗದ್ಯದ ಆರಂಭದ ದೊಡ್ಡ ಕೃತಿಗಳಲ್ಲಿ ಒಂದು. ಮನೆಪಾಠ ಬಿಟ್ಟು ಕಂಪನಿ ನೌಕರಿ ಹಿಡಿದ ಮೇಷ್ಟ್ರೊಬ್ಬರ ದಾಖಲಾದ ಕಥೆ ಇದು.

ಇದರಿಂದ ಉರ್ದು ಭಾಷೆಗೆ ಆದ ಲಾಭವನ್ನು ಅಲ್ಲಗಳೆಯಲಾಗದು. ಸರಳ ಗದ್ಯ ಬೆಳೆಯಿತು, ಅಚ್ಚಿನ ಪುಸ್ತಕಗಳು ಬಂದವು. ಆದರೆ ಬಿಳಿಯ ಪ್ರಾಧ್ಯಾಪಕರ ಸಂಬಳಕ್ಕೂ ಮುನ್ಷಿಗಳ ಸಂಬಳಕ್ಕೂ ಅಜಗಜಾಂತರವಿತ್ತು. ಕಲಿತವರು ನಮ್ಮನ್ನು ಆಳಲು ಬಂದ ಹುಡುಗರು. ಪುಸ್ತಕ ಕೊಟ್ಟ ಶ್ರೀರಂಗಪಟ್ಟಣಕ್ಕೆ ಒಂದು ಪುಸ್ತಕವೂ ತಿರುಗಿ ಬರಲಿಲ್ಲ. ಕುಂಪಣಿಯ ಲೆಕ್ಕದಲ್ಲಿ ಊರಿನ ಪಾಲು ಸೊನ್ನೆ.

ಕೂಲಿಮಠದ ಅಯ್ಯಗಳು

ಆ ಕಾಲದಲ್ಲಿ ಹಳ್ಳಿಗಳಲ್ಲಿ ಮೇಷ್ಟ್ರುಗಳು ಹೇಗೆ ಬದುಕುತ್ತಿದ್ದರು ಎಂಬುದನ್ನೂ ನೋಡಬೇಕು. ನಮ್ಮ ಕಡೆ ಶಾಲೆಯೆಂದರೆ ಕೂಲಿಮಠ. ಗುಡಿಯ ಜಗಲಿಯೋ ಯಾರದಾದರೂ ಪಡಸಾಲೆಯೋ ಅದರ ಜಾಗ. ಅಯ್ಯಗಳಿಗೆ ಸಂಬಳವೆಂಬುದಿಲ್ಲ, ಮಕ್ಕಳ ಮನೆಯಿಂದ ಬರುವ ರಾಗಿ, ಬೇಳೆ, ಹಬ್ಬದ ಕಾಣಿಕೆ ಅಷ್ಟೆ. ಮಹಾನವಮಿ ಬಂತೆಂದರೆ ಮಕ್ಕಳು ಕೋಲು ಹಿಡಿದು ಮನೆಮನೆಯ ಮುಂದೆ ಹಾಡುತ್ತಿದ್ದರು, ಕೂಡಿದ ಕಾಸು ಅಯ್ಯಗಳ ಕೈ ಸೇರುತ್ತಿತ್ತು. ಮಸೀದಿಯ ಪಕ್ಕದ ಮಕ್ತಬಿನಲ್ಲಿ ಪಾಠ ಹೇಳುವ ಹಜ್ರತರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಊರಿಗೆ ಬೆಳೆ ಬಂದ ವರ್ಷ ಅವರಿಗೂ ಊಟ, ಬರ ಬಿದ್ದ ವರ್ಷ ಅವರಿಗೂ ಬರ.

ಮೈಸೂರು ಸೀಮೆಯಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಆರಂಭವಾಯಿತು. 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಬಂತು. ಕೂಲಿಮಠದ ಅಯ್ಯಗಳಲ್ಲೇ ಹಲವರಿಗೆ ತರಬೇತಿ ಕೊಟ್ಟು ಸರ್ಕಾರಿ ಮೇಷ್ಟ್ರುಗಳನ್ನಾಗಿ ಮಾಡಲಾಯಿತು. ಕೊಪ್ಪದಂಥ ಹೋಬಳಿ ಕೇಂದ್ರಗಳಿಗೆ ಮಹತ್ವ ಬಂದ ದಾರಿಗಳಲ್ಲಿ ಇದೂ ಒಂದು. ಬೆಳೆಯ ಮೇಲೆ ನಿಂತಿದ್ದ ಮೇಷ್ಟ್ರ ಬದುಕು ಸರ್ಕಾರದ ಖಜಾನೆಯ ಮೇಲೆ ನಿಂತಿತು. ಸಂಬಳ ಸಣ್ಣದು, ಆದರೆ ತಿಂಗಳು ತಿಂಗಳು ಬರುವಂಥದು. ಮುಂದೆ ಪಿಂಚಣಿಯೂ ಬಂತು. ಸುಮಾರು ನೂರು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಯ ಬುದ್ಧಿವಂತ ಹುಡುಗನನ್ನು ಶಾಲೆಯಲ್ಲಿ ಹಿಡಿದಿಟ್ಟದ್ದು ಈ ಭರವಸೆ. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಸಡಿಲಗೊಂಡದ್ದು ಇದೇ ಭರವಸೆ.

ಸಕ್ಕರೆಯ ಹಿಂದಿನ ವಿಜ್ಞಾನಿ

ಮಂಡ್ಯದ ಮೊದಲ ದೊಡ್ಡ ಕಂಪನಿಯ ಕಥೆ ಕುಂಪಣಿಯ ಕಥೆಗಿಂತ ಬೇರೆ. ಅದರ ನಡುವೆ ನಿಂತವರು ಲೆಸ್ಲಿ ಕೋಲ್ಮನ್. ಕೆನಡಾದಲ್ಲಿ 1878ರಲ್ಲಿ ಹುಟ್ಟಿದ ಇವರು ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಕೀಟ ಮತ್ತು ಶಿಲೀಂಧ್ರ ರೋಗಗಳ ತಜ್ಞರಾಗಿ ಕೆಲಸ ಶುರುಮಾಡಿದರು. ಅಡಿಕೆಯ ಕೊಳೆರೋಗದ ಮೇಲೆ ಅವರು ಮಾಡಿದ ಸಂಶೋಧನೆ ಮಲೆನಾಡಿನ ತೋಟಗಳಿಗೆ ದೊಡ್ಡ ಆಸರೆಯಾಯಿತು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಮುಂದೆ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆದದ್ದಕ್ಕೆ ಬೀಜ ಆ ಶಾಲೆ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ, 1930ರ ದಶಕದ ಆರಂಭಕ್ಕೆ ಮುಗಿಯಿತು. ಅಂದಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಅವರು ದಿವಾನರಾಗಿದ್ದರು. ಅವರ ಕಾಲದಲ್ಲಿ ಇರ್ವಿನ್ ನಾಲೆ ತೆಗೆಸಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ನೀರು ಹರಿಸಲಾಯಿತು. ಇಂದು ಅದನ್ನು ನಾವು ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ನೀರು ಬಂದ ಮೇಲೆ ಏನು ಬೆಳೆಯಬೇಕು ಎಂಬ ಪ್ರಶ್ನೆ ಹುಟ್ಟಿತು. ಕಬ್ಬು ಬೆಳೆದರೆ ನಾಲೆಗೆ ಹಾಕಿದ ಹಣವೂ ಹುಟ್ಟುತ್ತದೆ, ರೈತನ ಕೈಗೂ ಕಾಸು ಬರುತ್ತದೆ ಎಂಬ ಲೆಕ್ಕ ಕೋಲ್ಮನ್‌ರದು. ಆದರೆ ಅಷ್ಟು ಕಬ್ಬನ್ನು ಊರಿನ ಆಲೆಮನೆಗಳು ಅರೆಯಲಾರವು. 1932ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ವಿದೇಶಿ ಸಕ್ಕರೆಯ ಮೇಲೆ ಸುಂಕ ಏರಿಸಿ ದೇಶದ ಸಕ್ಕರೆಗೆ ರಕ್ಷಣೆ ಕೊಟ್ಟಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಂಸ್ಥಾನದ ಸರ್ಕಾರ ಬಂಡವಾಳ ಹಾಕಿತು, ರೈತರೂ ಷೇರುದಾರರಾದರು. ಕಂಪನಿಯನ್ನು ಕಟ್ಟುವ ಕೆಲಸದಲ್ಲಿ ಮುಂದೆ ನಿಂತವರು ಕೋಲ್ಮನ್. ಮರುವರ್ಷ, 1934ರಲ್ಲಿ, ಅವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು.

ಪ್ರಯೋಗಶಾಲೆ ಮತ್ತು ಕೃಷಿ ಶಾಲೆಯ ಮನುಷ್ಯ ಕಂಪನಿ ಕಟ್ಟಲು ಹೋದಾಗ ತನ್ನ ವಿದ್ಯೆಯನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಒಣಭೂಮಿಯ ರೈತನಿಗೆ ನೀರಾವರಿ ಬೇಸಾಯ ಕಲಿಸುವುದೇ ಆ ಕಂಪನಿಯ ಮೊದಲ ಕೆಲಸವಾಗಿತ್ತು. ತಳಿ ಆಯ್ಕೆ, ಗೊಬ್ಬರ, ಬಿತ್ತನೆ ಕಬ್ಬು, ಎಲ್ಲವನ್ನೂ ಹೇಳಿಕೊಡಬೇಕಿತ್ತು. ಮುಂದೆ ಕಂಪನಿ ಮಂಡ್ಯದಲ್ಲಿ ತನ್ನದೇ ಶಾಲೆಯನ್ನೂ ನಡೆಸಿತು. ಮೈಷುಗರ್ ಶಾಲೆಯಲ್ಲಿ ಓದಿದೆವು ಎಂದು ಹೇಳಿಕೊಳ್ಳುವವರು ಇಂದಿಗೂ ಜಿಲ್ಲೆಯ ಉದ್ದಗಲಕ್ಕೆ ಸಿಗುತ್ತಾರೆ. ಕಂಪನಿ ಸೊರಗಿದ ಕಾಲಕ್ಕೆ ಶಾಲೆಯೂ ಸೊರಗಿತು ಎಂಬುದು ಬೇರೆ ಮಾತು. ಕೆಲವು ವರ್ಷ ಕಬ್ಬು ಅರೆಯುವುದನ್ನೇ ನಿಲ್ಲಿಸಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಆರಂಭವಾಯಿತು. ಏನೇ ಇರಲಿ, ಮೈಷುಗರ್ ಲೆಕ್ಕದಲ್ಲಿ ಊರಿಗೂ ಒಂದು ಪಾಲಿತ್ತು.

ಹೋದವರು, ಹೋಗಿ ಬಂದವರು

ಇದೇ ಕಾಲದಲ್ಲಿ ದೇಶದ ಬೇರೆಡೆಯೂ ಮೇಷ್ಟ್ರುಗಳು ಕಂಪನಿ ಕಟ್ಟಿದರು. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಪ್ರಫುಲ್ಲಚಂದ್ರ ರಾಯ್ ಬಾಡಿಗೆ ಮನೆಯಲ್ಲಿ ಔಷಧ ತಯಾರಿಸಲು ತೊಡಗಿ, 1901ರಲ್ಲಿ ಬೆಂಗಾಲ್ ಕೆಮಿಕಲ್ಸ್ ಕಂಪನಿಯನ್ನು ನೋಂದಾಯಿಸಿದರು. ಅವರು ಪಾಠ ಹೇಳುವುದನ್ನು ಬಿಡಲಿಲ್ಲ. ಅಲಿಗಢದ ಖ್ವಾಜಾ ಅಬ್ದುಲ್ ಹಮೀದ್ ಅಸಹಕಾರ ಚಳವಳಿಯ ಕಾಲದಲ್ಲಿ ಡಾ. ಜಾಕಿರ್ ಹುಸೇನ್‌ರ ಜೊತೆಗೂಡಿ ಜಾಮಿಯಾ ಮಿಲ್ಲಿಯಾ ಸ್ಥಾಪನೆಯಲ್ಲಿ ದುಡಿದು, ಅಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು ಬಂದು 1935ರಲ್ಲಿ ಮುಂಬಯಿಯಲ್ಲಿ ಸಿಪ್ಲಾ ಕಂಪನಿ ಕಟ್ಟಿದರು. 2001ರಲ್ಲಿ ಅದೇ ಕಂಪನಿ ಅವರ ಮಗ ಯೂಸುಫ್ ಹಮೀದ್‌ರ ಮುಂದಾಳ್ತನದಲ್ಲಿ ಏಡ್ಸ್ ರೋಗದ ಔಷಧವನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾದಾಗ ಆಫ್ರಿಕಾದ ಬಡ ರೋಗಿಗಳಿಗೆ ಬದುಕುವ ದಾರಿ ತೆರೆಯಿತು. ಜಾಮಿಯಾದ ಕರಿಹಲಗೆ ಬಿಟ್ಟು ಹೋದ ಮೇಷ್ಟ್ರನ್ನು ಯಾರೂ ದುಡ್ಡಿನ ಹಿಂದೆ ಹೋದವರೆಂದು ಹಳಿಯಲಾರರು.

ಬೆಂಗಳೂರಿಗೆ ಬಂದರೆ ವಿಷ್ಣು ಮಾಧವ ಘಾಟಗೆ ನೆನಪಾಗುತ್ತಾರೆ. ಗಟಿಂಗೆನ್‌ನಲ್ಲಿ ಓದಿ ಬಂದ ಈ ವಿಮಾನ ವಿಜ್ಞಾನಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸೇರಿದರು. ವಾಲ್‌ಚಂದ್ ಹಿರಾಚಂದ್ ಮತ್ತು ಮೈಸೂರು ಸಂಸ್ಥಾನ ಕೂಡಿ ಕಟ್ಟಿದ ಈ ಕಂಪನಿಯ ಹಿಂದೆಯೂ ದಿವಾನ್ ಮಿರ್ಜಾ ಇಸ್ಮಾಯಿಲರ ಬೆಂಬಲವಿತ್ತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ತೆರೆದಾಗ ಘಾಟಗೆ ಅಲ್ಲಿ ಪಾಠ ಹೇಳಲು ಹೋದರು. ಅನಂತರ ಮತ್ತೆ ಕಂಪನಿಗೆ ಮರಳಿದರು. ಅವರ ತಂಡ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಅದನ್ನು ಕಟ್ಟುವ ತಂಡಕ್ಕೆ ಜನ ಬೇಕಾದಾಗ ಅವರ ತರಗತಿಯಲ್ಲಿ ಓದಿದವರೇ ಒದಗುವಂತಾಯಿತು. ಕಂಪನಿಗೂ ತರಗತಿಗೂ ನಡುವಿನ ಬಾಗಿಲು ಆಗ ಎರಡೂ ಕಡೆಗೆ ತೆರೆಯುತ್ತಿತ್ತು.

ಸ್ವಾತಂತ್ರ್ಯಾನಂತರ ಬಂದ ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಕಾಲದಲ್ಲಿ ಕಾರ್ಖಾನೆಯ ಜೊತೆಗೆ ಒಂದು ಕಾಲೋನಿ, ಆಸ್ಪತ್ರೆ, ಶಾಲೆ ಇರಬೇಕು ಎಂಬುದು ರೂಢಿಯಾಯಿತು. ಹಳ್ಳಿಯ ಮೇಷ್ಟ್ರ ಮಗ ತಾಂತ್ರಿಕ ತರಬೇತಿ ಪಡೆದು ಅಲ್ಲಿ ಕೆಲಸಕ್ಕೆ ಸೇರಿದರೆ, ಅವನ ಮಕ್ಕಳು ಕಂಪನಿಯ ಶಾಲೆಯಲ್ಲಿ ಓದುತ್ತಿದ್ದರು. ಆ ಶಾಲೆ ಕಾಲೋನಿಗೆ ಸೇರಿದ್ದು, ಅವನು ಬಿಟ್ಟು ಬಂದ ಹಳ್ಳಿಗಲ್ಲ. ಆದರೂ ಶಾಲೆ ನಡೆಸುವುದು ತನ್ನ ಕರ್ತವ್ಯ ಎಂದು ಕಂಪನಿ ಒಪ್ಪಿಕೊಂಡಿತ್ತು.

ಕಂಪನಿಯೇ ಶಾಲೆಯಾದಾಗ

ಬೆಂಗಳೂರಿನ ಐಟಿ ಯುಗದ ಕಥೆಗೂ ಮದ್ದೂರು ತಾಲ್ಲೂಕಿಗೂ ನೇರ ನಂಟಿದೆ. ಈ ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ರಾಜಕೀಯಕ್ಕೆ ಬರುವ ಮೊದಲು ಬೆಂಗಳೂರಿನ ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1962ರಲ್ಲಿ ಮದ್ದೂರಿನಿಂದ ವಿಧಾನಸಭೆಗೆ ಗೆದ್ದರು. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಐಟಿ ಕಂಪನಿಗಳಿಗೆ ಹೆಬ್ಬಾಗಿಲು ತೆರೆದರು; ನಗರದ ಯೋಜನೆಗೆ ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಕಾರ್ಯಪಡೆ ಮಾಡಿದರು. ಶಾಲಾ ಮಕ್ಕಳ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲೇ. 2024ರ ಡಿಸೆಂಬರ್ 10ರಂದು ಅವರು ತೀರಿಕೊಂಡಾಗ ಎರಡನ್ನೂ ಜನ ನೆನೆದರು. ಒಬ್ಬ ಹಳೆಯ ಮೇಷ್ಟ್ರು ಒಂದು ಕೈಯಲ್ಲಿ ಕಂಪನಿಯನ್ನೂ ಇನ್ನೊಂದು ಕೈಯಲ್ಲಿ ಶಾಲೆಯ ಅನ್ನದ ತಟ್ಟೆಯನ್ನೂ ಹಿಡಿದಿದ್ದರು. ಮುಂದಿನ ದಿನಗಳಲ್ಲಿ ಮೊದಲನೆಯ ಕೈಯೇ ಬಲವಾಯಿತು.

ಆ ದಶಕದಲ್ಲಿ ಕಂಪನಿಗೆ ಮೇಷ್ಟ್ರುಗಳು ಹೊಸ ರೀತಿಯಲ್ಲಿ ಬೇಕಾದರು. ಕಾಲ್‌ಸೆಂಟರುಗಳಿಗೆ ಇಂಗ್ಲಿಷ್ ಉಚ್ಚಾರ ಕಲಿಸುವವರು, ಸಾಫ್ಟ್‌ವೇರ್ ಕಂಪನಿಗಳಿಗೆ ಹೊಸ ಎಂಜಿನಿಯರುಗಳನ್ನು ತಿದ್ದುವವರು ಬೇಕಿತ್ತು. ಇನ್ಫೋಸಿಸ್ ಮೈಸೂರಿನಲ್ಲಿ ಕಟ್ಟಿಸಿದ ಶಿಕ್ಷಣ ಕೇಂದ್ರ 2005ರಲ್ಲಿ ಉದ್ಘಾಟನೆಯಾಯಿತು, 2009ರಲ್ಲಿ ಎರಡನೆಯ ಕೇಂದ್ರ ಸೇರಿತು. ಒಮ್ಮೆಗೆ 10,000ಕ್ಕೂ ಹೆಚ್ಚು ಮಂದಿಗೆ ತರಬೇತಿ ಕೊಡಬಲ್ಲ ಆವರಣ ಅದು. ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಹಲವರು ಇಂಥ ಕೇಂದ್ರಗಳಿಗೆ ಹೋದರು. ಅಲ್ಲೂ ಅವರು ಮಾಡಿದ್ದು ಪಾಠವನ್ನೇ. ಸಂಬಳ ಮಾತ್ರ ಬೇರೆ, ಮತ್ತು ಎದುರು ಕೂತವರು ಈಗಾಗಲೇ ಗೆದ್ದು ಬಂದವರು. ಫೋರ್ಟ್ ವಿಲಿಯಂ ಕಾಲೇಜಿನಂತೆ ಇಲ್ಲಿಯೂ ಕಂಪನಿ ತನ್ನವರಿಗಾಗಿ ತನ್ನ ಬೇಲಿಯೊಳಗೆ ಶಾಲೆ ಕಟ್ಟಿಕೊಂಡಿತು. ಈ ಎರಡು ಕಂಪನಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಒಂದು ಕತ್ತಿ ಹಿಡಿದು ಬಂದದ್ದು, ಇನ್ನೊಂದು ನಮ್ಮ ಮಕ್ಕಳಿಗೆ ನೌಕರಿ ಕೊಟ್ಟದ್ದು. ಬೇಲಿಯ ವಿಷಯದಲ್ಲಿ ಮಾತ್ರ ಹೋಲಿಕೆಯಿದೆ.

ಕರೆಯೋ, ಹಸಿವೋ?

ಕೋಲ್ಮನ್, ಹಮೀದ್, ಘಾಟಗೆ ಇವರಿಗೆ ಕಂಪನಿಯಿಂದ ಕರೆ ಬಂದಿತ್ತು, ಇಲ್ಲವೇ ಅವರೇ ಕಂಪನಿಗೆ ಜನ್ಮ ಕೊಟ್ಟರು. ಇಂದು ಕೊಪ್ಪದಂಥ ಊರಿನಿಂದ ಹೋಗುವ ಮೇಷ್ಟ್ರನ್ನು ಹೊರಡಿಸುವುದು ಬೇರೆ. 2006ರ ಏಪ್ರಿಲ್ 1ರಿಂದ ಈಚೆಗೆ ನೇಮಕಗೊಂಡ ರಾಜ್ಯ ಸರ್ಕಾರಿ ನೌಕರರಿಗೆ, ಶಿಕ್ಷಕರೂ ಸೇರಿ, ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಹೊಸ ಪಿಂಚಣಿ ಯೋಜನೆ ಜಾರಿಗೆ ಬಂತು. ಕಾಯಂ ನೇಮಕ ವಿರಳವಾಗಿ, ಖಾಲಿ ಜಾಗಗಳನ್ನು ಅತಿಥಿ ಶಿಕ್ಷಕರಿಂದ ತುಂಬುವುದು ರೂಢಿಯಾಯಿತು. 2025ರ ಮಾರ್ಚ್ ಬಜೆಟ್‌ನಲ್ಲಿ ಗೌರವಧನ ಹೆಚ್ಚಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಸಿಗುವುದು ತಿಂಗಳಿಗೆ 12,000 ರೂಪಾಯಿಯ ಆಸುಪಾಸು. ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಅರ್ಹತೆಗೆ ಅನುಗುಣವಾಗಿ 11,000ದಿಂದ 13,000 ರೂಪಾಯಿಗೆ ದುಡಿಯುತ್ತಿದ್ದವರು. ಮುಷ್ಕರ ಹೂಡಿದ ಮೇಲೆ 2022ರ ಜನವರಿಯಲ್ಲಿ ಅದು 26,000ದಿಂದ 32,000 ರೂಪಾಯಿಗೆ ಏರಿತು. 'ಅತಿಥಿ' ಎಂಬ ಪದ ನಮ್ಮಲ್ಲಿ ಮರ್ಯಾದೆಯದು. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿದವನನ್ನು ಇನ್ನೂ ಅತಿಥಿ ಎಂದು ಕರೆದರೆ ಅದರ ಅರ್ಥ, ಈ ಮನೆ ನಿನ್ನದಲ್ಲ ಎಂದೇ.

ಖಾಸಗಿ ಅನುದಾನರಹಿತ ಶಾಲೆಗಳ ಸ್ಥಿತಿ ಇನ್ನೂ ಕಷ್ಟ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ಶಿಕ್ಷಕರ ಸಂಬಳ ನಿಂತುಹೋಯಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅವರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ತಿಂಗಳಿಗಲ್ಲ, ಒಂದೇ ಬಾರಿಗೆ. ಅದೇ ಹೊತ್ತಿಗೆ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿಗಳು ಮೇಷ್ಟ್ರುಗಳಿಗಾಗಿ ಹುಡುಕಾಡುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಬೈಜೂಸ್ ಕಟ್ಟಿದ ಬೈಜು ರವೀಂದ್ರನ್ ಕೇರಳದ ಕಣ್ಣೂರು ಕಡೆಯವರು. ತಂದೆತಾಯಿ ಇಬ್ಬರೂ ಶಿಕ್ಷಕರು. 2022ರಲ್ಲಿ ಅದರ ಮೌಲ್ಯವನ್ನು 22 ಶತಕೋಟಿ ಡಾಲರ್ ಎಂದು ಕಟ್ಟಲಾಗಿತ್ತು. ಆ ವರ್ಷದ ಅಕ್ಟೋಬರ್‌ನಲ್ಲೇ 2,500 ಮಂದಿಯನ್ನು ತೆಗೆಯುವುದಾಗಿ ಕಂಪನಿ ಹೇಳಿತು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಶಾಲೆ ಬಿಟ್ಟು ಕಂಪನಿಗೆ ಹೋದರೆ ಬದುಕು ಭದ್ರ ಎಂದು ನಂಬಿದವರಿಗೆ ಇದೊಂದು ಪಾಠ. ಕೂಲಿಮಠದ ಅಯ್ಯಗಳಿಗೆ ಬರಗಾಲ ಹೇಗೋ, ಇವರಿಗೆ ಬಂಡವಾಳದ ಬರ ಹಾಗೆ.

ಆದ್ದರಿಂದ ಹೋದವರನ್ನು ದೂರುವುದು ಸಲ್ಲದು. ಕೆಲವರು ತಮ್ಮ ಪ್ರತಿಭೆಗೆ ತಕ್ಕ ಜಾಗ ಹುಡುಕಿ ಹೋದರು. ಅದು ಅವರ ಹಕ್ಕು. ಬಹಳ ಮಂದಿ ಮನೆಯ ಬಾಡಿಗೆ, ತಾಯಿಯ ಔಷಧಿ, ತಂಗಿಯ ಮದುವೆ ಎಂದು ಲೆಕ್ಕ ಹಾಕಿ ಹೋದರು. ಮೇಷ್ಟ್ರಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುವ ಕಾಲದಲ್ಲಿ ಅವನೊಬ್ಬನೇ ತ್ಯಾಗ ಮಾಡಬೇಕು ಎನ್ನುವುದು ಯಾವ ನ್ಯಾಯ?

ಉರ್ದು ಶಾಲೆಯ ಖಾಲಿ ಕುರ್ಚಿ

ಈ ಹೋಗುವಿಕೆಯ ಪೆಟ್ಟು ಎಲ್ಲ ಶಾಲೆಗಳಿಗೂ ಒಂದೇ ಸಮನಾಗಿ ಬೀಳುವುದಿಲ್ಲ. ಪಟ್ಟಣದ ಶಾಲೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಸಿಗುತ್ತಾರೆ. ಹಳ್ಳಿಯ ಉರ್ದು ಶಾಲೆಯಲ್ಲಿ ಹಾಗಲ್ಲ. ಅಲ್ಲಿಗೆ ಬೇಕಾದವರು ಉರ್ದುವನ್ನು ಚೆನ್ನಾಗಿ ಬಲ್ಲವರು, ಜೊತೆಗೆ ಕನ್ನಡವನ್ನು ಮಕ್ಕಳ ನಾಲಿಗೆಗೆ ಹತ್ತಿಸಬಲ್ಲವರು, ಗಣಿತ ವಿಜ್ಞಾನವನ್ನೂ ಹೇಳಬಲ್ಲವರು. ಎರಡೂ ಭಾಷೆ ಬಲ್ಲ ಇಂಥ ಮೇಷ್ಟ್ರು ನಮ್ಮ ಸಮುದಾಯಕ್ಕೂ ನಾಡಿಗೂ ನಡುವಿನ ಸೇತುವೆ. ನಾವು ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯುವಂತಾದದ್ದು ಅಂಥ ಮೇಷ್ಟ್ರುಗಳಿಂದ. ಎರಡು ಭಾಷೆ ಬಲ್ಲವರಿಗೆ, ಮೂರನೆಯದಾಗಿ ಇಂಗ್ಲಿಷೂ ಬಂದರೆ, ಬೆಂಗಳೂರಿನ ಗ್ರಾಹಕ ಸೇವೆಯ ಕಂಪನಿಗಳಲ್ಲಿ ಬೇಡಿಕೆಯಿದೆ. ಶಾಲೆಗೆ ಯಾರು ಅತ್ಯಗತ್ಯವೋ ಅವರೇ ಮೊದಲು ಹೋಗುತ್ತಾರೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಮನೆಗಳಲ್ಲಿ ಮೊದಲ ತಲೆಮಾರಿನ ಪದವೀಧರೆಯರಿಗೆ ಹಿರಿಯರು ಒಪ್ಪಿದ ಕೆಲಸ ಟೀಚರ್ ಕೆಲಸ. 'ಸ್ಕೂಲಾದರೆ ಹೋಗಮ್ಮ' ಎಂದು ಅಬ್ಬಾ ಹೇಳಿದ ಮಾತು ಎಷ್ಟೋ ಹುಡುಗಿಯರ ಪಾಲಿಗೆ ಹೊರಬಾಗಿಲಿನ ಬೀಗದ ಕೈ. ಆ ಬಾಗಿಲಿನಿಂದ ಹೊರಬಂದ ಕೆಲವರು ಮುಂದೆ ಕಂಪನಿಯ ಹೊಸ್ತಿಲನ್ನೂ ದಾಟಿದರು. ಅದು ಸಂತೋಷದ ಸಂಗತಿ. ಆದರೆ ಅವರ ಹಿಂದೆ ಬರುವ ಹುಡುಗಿಯರಿಗೆ ಟೀಚರೇ ಇಲ್ಲದಿದ್ದರೆ ಬೀಗದ ಕೈ ಕೊಡುವವರು ಯಾರು?

ಬರಬೇಕಾದ ಪಾಲು

ಕಂಪನಿ ಕಾಯ್ದೆ 2013ರ ಪ್ರಕಾರ ನಿಗದಿತ ಮಟ್ಟದ ಬಂಡವಾಳ, ವಹಿವಾಟು ಅಥವಾ 5 ಕೋಟಿ ರೂಪಾಯಿ ಲಾಭವಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಶಿಕ್ಷಣ ಆ ಪಟ್ಟಿಯಲ್ಲಿದೆ, ತಾನು ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಈ ಹಣದಿಂದ ಶಾಲೆಗಳಿಗೆ ಸುಣ್ಣಬಣ್ಣ ಬಂದಿದೆ, ಬೆಂಚು ಬಂದಿದೆ, ಕಂಪ್ಯೂಟರ್ ಬಂದಿದೆ, ಶೌಚಾಲಯ ಬಂದಿದೆ. ಇವೆಲ್ಲ ಬೇಕಾದವೇ. ಆದರೆ ಕಂಪನಿಗಳು ಕರೆದೊಯ್ದದ್ದು ಬೆಂಚನ್ನಲ್ಲ, ಮೇಷ್ಟ್ರನ್ನು.

ಬೇರೆ ದಾರಿಯೂ ಇದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ವಿಪ್ರೊ ಕಟ್ಟಿದ ಅಜೀಂ ಪ್ರೇಮ್‌ಜಿ ತಮ್ಮ ಸಂಪತ್ತಿನ ಬಹುಭಾಗವನ್ನು ಶಿಕ್ಷಣದ ಕೆಲಸಕ್ಕೆ ಮೀಸಲಿಟ್ಟು ಪ್ರತಿಷ್ಠಾನ ಸ್ಥಾಪಿಸಿದರು. ಅದು ಸರ್ಕಾರಿ ಶಾಲೆಗಳ ಶಿಕ್ಷಕರ ಜೊತೆಗೂಡಿ ಕೆಲಸ ಮಾಡುತ್ತಿದೆ. 2010ರಲ್ಲಿ ಅದರ ಹೆಸರಿನ ವಿಶ್ವವಿದ್ಯಾಲಯ ಆರಂಭವಾಗಿ, ಶಿಕ್ಷಣವನ್ನೇ ವೃತ್ತಿಯಾಗಿ ಆರಿಸಿಕೊಂಡವರನ್ನು ತಯಾರಿಸುತ್ತಿದೆ. ನಮ್ಮ ರಾಜ್ಯದ ಶಾಲಾ ಮಕ್ಕಳಿಗೆ ವಾರದಲ್ಲಿ 6 ದಿನ ಮೊಟ್ಟೆ ಕೊಡಲು 2024ರಲ್ಲಿ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದವನ್ನು ಪ್ರತಿಷ್ಠಾನ ಮಾಡಿಕೊಂಡಿತು. ಎಲ್ಲ ಕಂಪನಿಯವರೂ ಪ್ರೇಮ್‌ಜಿ ಆಗಲಾರರು. ಆದರೆ ಪ್ರತಿ ಕಂಪನಿಯೂ ತನ್ನ ಸುತ್ತಲಿನ ಹೋಬಳಿಯ ಎರಡು ಶಾಲೆಗಳಲ್ಲಿ ಖಾಲಿಯಿರುವ ವಿಷಯಗಳಿಗೆ ಮೇಷ್ಟ್ರುಗಳ ಸಂಬಳ ಹೊರಬಹುದು. ಹಿಂದೆ ಮೇಷ್ಟ್ರಾಗಿದ್ದ ತನ್ನ ನೌಕರರಿಗೆ ವರ್ಷದಲ್ಲಿ ಇಷ್ಟು ದಿನ ತಮ್ಮೂರಿನ ಶಾಲೆಯಲ್ಲಿ ಪಾಠ ಹೇಳಲು ಸಂಬಳ ಸಹಿತ ರಜೆ ಕೊಡಬಹುದು. ಘಾಟಗೆಯವರು ಕಂಪನಿಯಿಂದ ತರಗತಿಗೆ ಹೋಗಿ ಬಂದ ದಾರಿಯನ್ನು ಇಂದಿನ ಕಂಪನಿಗಳು ಮತ್ತೆ ತೆರೆಯಲಾರದಷ್ಟು ಬಡವಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಹೊಣೆ ಸರ್ಕಾರದ್ದೇ. 1868ರಲ್ಲಿ ಹೋಬಳಿಗೊಂದು ಶಾಲೆ ಎಂದು ಹೊರಟ ಆಡಳಿತಕ್ಕೆ ಮೇಷ್ಟ್ರಿಗೆ ತಿಂಗಳ ಸಂಬಳ ಗೊತ್ತುಮಾಡದೆ ಶಾಲೆ ನಿಲ್ಲುವುದಿಲ್ಲ ಎಂಬುದು ತಿಳಿದಿತ್ತು. 2023ರಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆ ನಡೆಯಿತು. ಬೆಂಗಳೂರು ಈಗ ಇನ್ನೂ ಹತ್ತಿರ. ಕೊಪ್ಪದ ಇನ್ನೊಬ್ಬ ಮೇಷ್ಟ್ರು ಈ ವರ್ಷವೂ ಆ ರಸ್ತೆ ಹಿಡಿದು ಹೋಗಬಹುದು, ಅವರಿಗೆ ಒಳ್ಳೆಯದಾಗಲಿ. ಅವರು ಹೋದ ಮಾರನೆಯ ಸೋಮವಾರ ಆ ತರಗತಿಯ ಹಾಜರಿ ಪುಸ್ತಕ ತೆರೆಯುವವರು ಯಾರು ಎಂದು ಶಿಕ್ಷಣ ಇಲಾಖೆಯನ್ನೂ, ಅವರನ್ನು ಸೇರಿಸಿಕೊಂಡ ಕಂಪನಿಯನ್ನೂ, ಮಕ್ಕಳನ್ನು ಶಾಲೆಗೆ ಕಳಿಸುವ ನಾವೆಲ್ಲರೂ ಕೇಳಬೇಕಾಗಿದೆ.